ಉಬ್ಬಸದಲ್ಲಿ ಪಾಲು

ಆ ಹಾಸಿಗೆ ಅಂಗಡಿಯವರ ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಹಕ್ಕು. ದಬ್ಬಣ ಮೈದುನನದು, ಗಿರಾಕಿಗಳ ಮನೆಗೆ ಹೋಗಿ ಮಂಚದ ಅಳತೆ ತರುವುದು ಗಂಡನದು, ಬೈಗುಳ ಅತ್ತೆಯದು, ಉಬ್ಬಸ ಹಿರಿಸೊಸೆಯದು. ಅವಳು ಮದುವೆಯಾಗಿ ಬಂದಾಗಿನಿಂದ ಈ ಏರ್ಪಾಡಿಗೆ ಯಾರೂ ತಕರಾರು ತೆಗೆದಿರಲಿಲ್ಲ.

ಹಾಗಂತ ಅದು ನಾಟಕದ ಉಬ್ಬಸವಲ್ಲ. ಚಿಕ್ಕಂದಿನಲ್ಲಿ ಮಲಗಲಾರದೆ, ದಿಂಬು ಪೇರಿಸಿಕೊಂಡು, ಅಮ್ಮನ ಭುಜಕ್ಕೆ ಹಣೆ ಆನಿಸಿ ಕೂತೇ ಬೆಳಗು ಮಾಡಿದವಳು ಅವಳು. ಇಂಥವಳನ್ನು ಹತ್ತಿಯ ಮನೆಗೆ ಕೊಡುತ್ತೀರಲ್ಲ, ಬೆಣ್ಣೆಯನ್ನು ಒಲೆಯ ಪಕ್ಕ ಇಟ್ಟ ಹಾಗೆ, ಎಂದು ನೆಂಟರು ಆಡಿಕೊಂಡಿದ್ದರು. ಬಂದ ಹೊಸದರಲ್ಲಿ, ಸೊಸೆ ಎಂದಮೇಲೆ ಕೈಜೋಡಿಸಬೇಕಲ್ಲ ಎಂದು, ಅಂಗಡಿಯ ಹಿಂದಿನ ಹತ್ತಿ ಕೋಣೆಗೆ ಹೋದಳು. ಹಿಂಜುವ ಯಂತ್ರ ತಿರುಗುತ್ತಿತ್ತು. ಬೆಳಕಿನ ಕೋಲಿನಲ್ಲಿ ಹತ್ತಿಯ ಎಳೆಗಳು ಸೊಳ್ಳೆಗಳ ಹಾಗೆ ತೇಲುತ್ತಿದ್ದವು. ಸ್ವಲ್ಪ ಹೊತ್ತಿಗೇ ತುಟಿ ನೀಲಿಯಾಗಿ ಗೋಡೆ ಹಿಡಿದು ಕುಸಿದಳು. ಗಂಡ ಎತ್ತಿಕೊಂಡು ಆಸ್ಪತ್ರೆಗೆ ಓಡಿದ್ದ.

ಅವತ್ತೇ ಅತ್ತೆ ತೀರ್ಪು ಕೊಟ್ಟರು. "ಇವಳಿನ್ನು ಆ ಕೋಣೆ ಕಡೆ ತಲೆ ಹಾಕೋದು ಬೇಡ. ಬೀದಿ ಕಡೆ ಕೌಂಟರಲ್ಲಿ ಕೂರಲಿ. ನನಗೂ ಕೂತು ಕೂತು ಸೊಂಟ ಹಿಡಿದಿದೆ." ಗಾಜಿನ ಬಾಗಿಲು, ತಿರುಗುವ ಕುರ್ಚಿ, ಗಲ್ಲಾಪೆಟ್ಟಿಗೆಯ ಬೀಗದಕೈ ಎಲ್ಲ ಅವಳ ಪಾಲಿಗೆ ಬಂದವು. ಮೇಲ್ಮಹಡಿಯಲ್ಲಿ ಎರಡು ಕಿಟಕಿಯ ಕೋಣೆಯೂ ಅವಳಿಗೇ. ಏನಾದರೂ ಹುರಿಯುವುದಿದ್ದರೆ ಅತ್ತೆ ಮೊದಲು ಕೂಗುತ್ತಿದ್ದರು: "ಅಡುಗೆಮನೆ ಬಾಗಿಲು ಹಾಕ್ರೋ, ಹಿರಿಯವಳಿಗೆ ಆಗಲ್ಲ." ಎದೆ ಬಿಗಿದ ದಿನ ಅತ್ತೆ ತಾವೇ ಪಕ್ಕದಲ್ಲಿ ಕೂತು ಬೆನ್ನು ಸವರುತ್ತಿದ್ದರು. ಊರಿಗೆಲ್ಲ ಬಾಯಿ ಮಾಡುವ ಆ ಹೆಂಗಸು ಆಗ ಒಂದೂ ಮಾತಾಡುತ್ತಿರಲಿಲ್ಲ. ಹಿರಿಸೊಸೆಗೆ ಆ ಕೈಯ ಒರಟು ಇಷ್ಟ. ನಿಜ ಹೇಳಬೇಕೆಂದರೆ, ಉಸಿರು ಸರಿಹೋದ ಮೇಲೂ ಒಂದಿಷ್ಟು ಹೊತ್ತು ಅವಳು ಬೆನ್ನು ಬಗ್ಗಿಸಿಕೊಂಡೇ ಕೂತಿರುತ್ತಿದ್ದಳು.

ಮೈದುನನ ಮದುವೆಯಾಗಿ ಕಿರಿಸೊಸೆ ಬಂದದ್ದು ಆಮೇಲೆ ಎಷ್ಟೋ ವರ್ಷಕ್ಕೆ. ಅತ್ತೆ ಇಟ್ಟ ಹೆಸರು ಬುಗುರಿ. ನಿಂತಲ್ಲಿ ನಿಲ್ಲುವವಳಲ್ಲ. ಗಂಡಸರು ಇಬ್ಬರು ಹಿಡಿಯುವ ಹತ್ತಿ ಮೂಟೆಯನ್ನು ಒಬ್ಬಳೇ ಮಂಡಿಯಲ್ಲಿ ನೂಕಿಕೊಂಡು ಹೋಗುತ್ತಿದ್ದಳು. ಹಿಂಜುವ ಯಂತ್ರದ ಸದ್ದನ್ನೂ ಮೀರಿಸಿ ಹಾಡು ಹೇಳುತ್ತಿದ್ದಳು. ಹಿರಿಸೊಸೆಗೆ ಅವಳ ಮೇಲೆ ಆಗ ಹೊಟ್ಟೆಕಿಚ್ಚೇನೂ ಇರಲಿಲ್ಲ. ಗಟ್ಟಿಮುಟ್ಟಾಗಿರುವುದು ಅವಳ ಪಾಲು, ನಾಜೂಕಾಗಿರುವುದು ತನ್ನ ಪಾಲು. ಪಾಲು ಬೇರೆಬೇರೆಯಾದ ಮೇಲೆ ಜಗಳ ಎಲ್ಲಿ?

ಬುಗುರಿಯ ಕೆಮ್ಮು ಶುರುವಾದದ್ದು ಚಳಿಗಾಲದಲ್ಲಿ. ಹತ್ತಿ ಕೋಣೆಯಲ್ಲಿ ಯಾರಿಗೆ ಕೆಮ್ಮು ಬರಲ್ಲ ಎಂದು ಯಾರೂ ಗಮನ ಕೊಡಲಿಲ್ಲ. ಒಂದು ಸಂಜೆ ಎಲ್ಲರೂ ಊಟಕ್ಕೆ ಕೂತಿದ್ದರು. ಬುಗುರಿ ಏನೋ ಹೇಳಿ ನಕ್ಕಳು. ನಗು ಮುಗಿದ ಮೇಲೆ, ಉಸಿರು ಹೊರಗೆ ಬರುವಾಗ, ಅದರ ತುದಿಯಲ್ಲಿ ಸಣ್ಣದೊಂದು ಸಿಳ್ಳೆ ಕೇಳಿಸಿತು. ಬೇರೆ ಯಾರಿಗೂ ಗೊತ್ತಾಗಲಿಲ್ಲ. ಹಿರಿಸೊಸೆಯ ಕಿವಿ ಮಾತ್ರ ನಿಮಿರಿತು. ಹುಟ್ಟಿದಾಗಿನಿಂದ ಕೇಳಿದ ಸದ್ದು, ಅವಳಿಗಲ್ಲದೆ ಇನ್ಯಾರಿಗೆ ಗೊತ್ತಾಗಬೇಕು? ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. "ನಿನ್ನ ಎದೇಲಿ ಶಬ್ದ ಇದೆ ಕಣೇ, ಡಾಕ್ಟರಿಗೆ ತೋರಿಸು" ಎಂಬ ಮಾತು ನಾಲಗೆಯ ತುದಿಯವರೆಗೂ ಬಂತು. ಅವಳು ನೀರು ಕುಡಿದಳು. ಮಾತು ನೀರಿನ ಜೊತೆ ಒಳಗೆ ಹೋಯಿತು.

ಯಾಕೆ ಹೇಳಲಿಲ್ಲ ಎಂದು ಆ ರಾತ್ರಿ ಅವಳೇ ತನ್ನನ್ನು ಕೇಳಿಕೊಂಡಳು. ಇರಲಿಕ್ಕಿಲ್ಲ, ಶೀತ ಇರಬೇಕು, ಸುಮ್ಮನೆ ಯಾಕೆ ಹೆದರಿಸೋದು ಎಂದು ಸಮಾಧಾನ ಹೇಳಿಕೊಂಡಳು. ಚಳಿಗಾಲ ಕಳೆದು ಸೆಕೆ ಬಂದರೂ ಅವಳ ಬಾಯಿಗೆ ಬೀಗ ಬಿದ್ದೇ ಇತ್ತು.

ಕೊನೆಗೆ ಹೇಳಿದ್ದು ಅತ್ತೆಯೇ. ಬುಗುರಿ ಮೆಟ್ಟಿಲ ಮಧ್ಯೆ ಕೂತುಬಿಟ್ಟಿದ್ದನ್ನು ಕಂಡು ಹಿರಿಯವಳನ್ನು ಕರೆದು ಅಂದರು: "ನಾಳೆ ಇವಳನ್ನ ನಿನ್ನ ಡಾಕ್ಟ್ರಮ್ಮನ ಹತ್ರ ಕರ್ಕೊಂಡು ಹೋಗು. ನಿನಗೆ ಗೊತ್ತಲ್ಲ ಅಲ್ಲೀದೆಲ್ಲ."

ನಿನ್ನ ಡಾಕ್ಟ್ರಮ್ಮ ಎಂದದ್ದು ಹಿತವಾಗಿತ್ತು. ಕರ್ಕೊಂಡು ಹೋಗು ಎಂದದ್ದು ಮಾತ್ರ ಹಿಡಿಸಲಿಲ್ಲ.

ಎದೆ ಡಾಕ್ಟ್ರಮ್ಮನ ಆಸ್ಪತ್ರೆಯಲ್ಲಿ ಉಸಿರು ಪರೀಕ್ಷೆಯ ಕೋಣೆಯೊಂದಿತ್ತು. ಅಲ್ಲಿನವನಿಗೆ ರೋಗಿಗಳೆಲ್ಲ ಸೇರಿ ಇಟ್ಟ ಹೆಸರು ಊದುಮೇಷ್ಟ್ರು. ನಳಿಗೆಗೆ ಬಾಯಿ ಕೊಟ್ಟ ಕೂಡಲೇ "ಊದಿ, ಊದಿ, ಊದಿ, ಇನ್ನೂ ಊದಿ, ಬಿಡಬೇಡಿ!" ಎಂದು ಓಟದ ಪಂದ್ಯ ನೋಡುವವನ ಹಾಗೆ ಎದ್ದು ನಿಂತು ಅರಚುತ್ತಿದ್ದ. ಪರೀಕ್ಷೆ ಹೀಗೆ: ಮೊದಲು ಸುಮ್ಮನೆ ಊದಿಸಿ ಅಳೆಯುತ್ತಾರೆ. ಆಮೇಲೆ ಪುಟ್ಟ ಯಂತ್ರದಿಂದ ಮಂಜಿನಂಥ ಔಷಧಿ ಎಳೆದುಕೊಳ್ಳಬೇಕು. ಅದು ಗುಣ ಮಾಡುವ ಔಷಧಿಯಲ್ಲ, ಶ್ವಾಸನಾಳವನ್ನು ಬೇಕಂತಲೇ ಕೆಣಕುವ ಔಷಧಿ. ಮೊದಲ ಶೀಷೆಯಲ್ಲಿ ಅದು ನೀರಿನ ಹಾಗೆ ಸಪ್ಪೆ. ಆಮೇಲಿನ ಒಂದೊಂದು ಶೀಷೆಯೂ ಹಿಂದಿನದಕ್ಕಿಂತ ಖಾರ. ಪ್ರತಿ ಶೀಷೆಯಾದ ಮೇಲೂ ಊದಬೇಕು. ಉಸಿರು ಐದರಲ್ಲೊಂದು ಪಾಲು ಇಳಿದರೆ ಅಲ್ಲಿಗೆ ನಿಲ್ಲಿಸಿ, ನಾಳ ಬಿಚ್ಚುವ ಔಷಧಿ ಕೊಡುತ್ತಾರೆ. ಎಷ್ಟು ಸಪ್ಪೆಗೆ ಇಳಿಯುತ್ತದೋ ಆ ನಾಳ ಅಷ್ಟು ಮುಂಗೋಪಿ ಎಂದರ್ಥ. ಗಟ್ಟಿ ನಾಳ ಇದ್ದವರು ಕೊನೆಯ ಶೀಷೆ ಮುಗಿಸಿಯೂ ಏನೂ ಆಗದವರ ಹಾಗೆ ಎದ್ದು ಹೋಗುತ್ತಾರೆ.

ಹಿರಿಸೊಸೆ ವರ್ಷಗಳ ಹಿಂದೆ ಮೂರನೇ ಶೀಷೆಗೆ ಇಳಿದಿದ್ದಳು. "ಮೂರಕ್ಕೇ ಇಳಿದ್ರಲ್ಲ!" ಎಂದು ಊದುಮೇಷ್ಟ್ರು ಅವತ್ತು ಹುಬ್ಬೇರಿಸಿದ್ದ. ಬಂದವರ ಮುಂದೆಲ್ಲ ಅವಳು ಅದನ್ನು ಹೇಳಿಕೊಳ್ಳುತ್ತಿದ್ದಳು.

ಬುಗುರಿ ಮೊದಲನೆಯದಕ್ಕೇ ಇಳಿದಳು.

"ಮೊದಲನೇದಕ್ಕೇ!" ಎಂದ ಊದುಮೇಷ್ಟ್ರು. ಅವನ ದನಿಯಲ್ಲಿ ಇದ್ದದ್ದು ಕಾಳಜಿ. ಮೂಲೆಯ ಸ್ಟೂಲಿನಲ್ಲಿ ಕೂತಿದ್ದ ಹಿರಿಸೊಸೆಗೆ ಕೇಳಿಸಿದ್ದು ಹೊಗಳಿಕೆ. ಹೊಟ್ಟೆಯೊಳಗೆ ಕೆಂಡ ಇಟ್ಟ ಹಾಗಾಯಿತು. ಇಷ್ಟು ವರ್ಷ ಸಾಕಿಕೊಂಡು ಬಂದ ಕಾಯಿಲೆ ನನ್ನದು, ನಿನ್ನೆ ಮೊನ್ನೆ ಬಂದ ಇವಳು ಮೊದಲನೇ ಶೀಷೆಗೇ! ಹೀಗೆ ಯೋಚಿಸಿದ್ದಕ್ಕೆ ಮರುಕ್ಷಣವೇ ನಾಚಿಕೆಯಾಯಿತು. ನಾಚಿಕೆಯಾದರೂ ಕೆಂಡ ಆರಲಿಲ್ಲ.

ಡಾಕ್ಟ್ರಮ್ಮ ಬುಗುರಿಯ ಕೆಲಸ ವಿಚಾರಿಸಿ, ಹತ್ತಿಯ ಧೂಳಿನ ಮೇಲೆ ಅನುಮಾನ ಪಟ್ಟರು. "ಒಂದೇ ಸಲ ನೋಡಿದ್ರೆ ಗೊತ್ತಾಗಲ್ಲ. ಸ್ವಲ್ಪ ದಿನ ಹತ್ತಿಯಿಂದ ದೂರ ಇರಿ, ಮತ್ತೆ ಪರೀಕ್ಷೆ ಮಾಡ್ತೀವಿ. ಆಮೇಲೆ ಕೆಲಸಕ್ಕೆ ಹೋಗಿ, ಮತ್ತೆ ನೋಡ್ತೀವಿ. ದೂರ ಇದ್ದಾಗ ಸುಧಾರಿಸಿ, ಹತ್ತಿರ ಹೋದಾಗ ಕೆಟ್ಟರೆ ಕಳ್ಳ ಸಿಕ್ಕಿಬಿದ್ದ ಹಾಗೆ." ಆಮೇಲೆ ಹಿರಿಯವಳ ಕಡೆ ತಿರುಗಿದರು. "ನಿಮ್ಮದೂ ಬಹಳ ದಿನ ಆಯ್ತಲ್ಲ. ನಾಳೆ ಬನ್ನಿ, ಅದನ್ನೂ ಮಾಡಿಬಿಡೋಣ."

ಮಾರನೆಯ ದಿನ ಹಿರಿಸೊಸೆ ಒಬ್ಬಳೇ ಹೋದಳು. ಮೊದಲನೆಯದು ಆಯಿತು, ಎರಡನೆಯದು, ಮೂರನೆಯದು. ನಾಲ್ಕನೆಯದಕ್ಕೆ ಅವಳು ಎದೆಯ ಮೇಲೆ ಕೈಯಿಟ್ಟುಕೊಂಡು ಬಿಗಿತ ಬರಲೆಂದು ಕಾದಳು. ಬರಲಿಲ್ಲ. ಕೊನೆಯ ಶೀಷೆಗೆ ಅರೆಮನಸ್ಸಿನಿಂದ ಊದಿ ನೋಡಿದಳು. ಊದುಮೇಷ್ಟ್ರು ಬಿಡುವವನೇ? "ಇದು ಊದಿದ್ದಲ್ಲಮ್ಮ, ನಿಟ್ಟುಸಿರು ಬಿಟ್ಟಿದ್ದು! ಇನ್ನೊಂದ್ಸಲ, ಸರಿಯಾಗಿ!" ಸರಿಯಾಗಿ ಊದಿದಳು. ಉಸಿರು ಇಳಿದಿರಲೇ ಇಲ್ಲ.

ಡಾಕ್ಟ್ರಮ್ಮ ಖುಷಿಯಿಂದ ಅವಳ ಕೈ ಕುಲುಕಿದರು. "ಇಷ್ಟು ವರ್ಷ ದಿನಾ ತಪ್ಪದೆ ಬಾಯಿಗಿಟ್ಟು ಔಷಧಿ ಎಳ್ಕೊಳ್ಳೋ ಪಂಪು ತಗೊಂಡ್ರಲ್ಲ, ಅದರ ಫಲ ಇದು. ಪಂಪು ಅರ್ಧಕ್ಕೆ ಇಳಿಸೋಣ, ಪೂರ್ತಿ ಬಿಡಬೇಡಿ. ಎರಡು ತಿಂಗಳು ಬಿಟ್ಟು ಮತ್ತೊಂದು ಪರೀಕ್ಷೆ."

ಕೆಲಸದಿಂದ ತೆಗೆದುಹಾಕಿದವಳ ಹಾಗೆ ಹಿರಿಸೊಸೆ ಆಸ್ಪತ್ರೆಯ ಮೆಟ್ಟಿಲಿಳಿದಳು. ಮನೆಯಲ್ಲಿ ಅತ್ತೆ ಕೇಳಿದರು: "ಏನಂದ್ರು?"

"ಹಾಗೇ ಇದೆ ಅಂದ್ರು."

ಅತ್ತೆ ಎರಡನೇ ಪ್ರಶ್ನೆ ಕೇಳಲಿಲ್ಲ. ಅವರ ಗಮನವೆಲ್ಲ ಕಿರಿಯವಳ ಕಡೆ ಇತ್ತು. ಬುಗುರಿಯನ್ನು ಹತ್ತಿಯಿಂದ ದೂರ ಇಡಬೇಕಲ್ಲ, ಎಲ್ಲಿ ಇಡೋದು? ಕೌಂಟರಿನಲ್ಲಿ. ತಿರುಗುವ ಕುರ್ಚಿ ಅವಳಿಗೆ, ಪಕ್ಕದಲ್ಲೊಂದು ಸ್ಟೂಲು ಹಿರಿಯವಳಿಗೆ. "ಸ್ವಲ್ಪ ದಿನ ತಾನೆ, ಅಡ್ಜಸ್ಟ್ ಮಾಡ್ಕೋ" ಎಂದ ಗಂಡ. ಬುಗುರಿ ಮಾತ್ರ "ಅಕ್ಕ, ನೀವೇ ಕುರ್ಚೀಲಿ ಕೂತ್ಕೊಳ್ಳಿ, ನನಗೆ ಸ್ಟೂಲು ಸಾಕು" ಎಂದಳು. ಅದೂ ಹಿರಿಸೊಸೆಗೆ ಚುಚ್ಚಿತು. ತನ್ನ ಕುರ್ಚಿಯನ್ನು ತನಗೇ ದಾನ ಕೊಡುತ್ತಾಳಲ್ಲ!

ಬುಗುರಿ ಕೂತ ವಾರದಲ್ಲೇ ಕೌಂಟರಿನ ಮುಂದೆ ನಗು ಹೆಚ್ಚಾಯಿತು. ದಿಂಬು ಕೊಳ್ಳಲು ಬಂದವರು ಹಾಸಿಗೆ ಹೇಳಿ ಹೋದರು. ಹಿರಿಸೊಸೆ ಇಷ್ಟು ವರ್ಷ ಬೆಲೆ ಹೇಳಿ ಸುಮ್ಮನಿರುತ್ತಿದ್ದಳು. ಇವಳೋ, ಯಾರು ಅಂಗಾತ ಮಲಗುತ್ತಾರೆ, ಯಾರ ಗಂಡ ಗೊರಕೆ ಹೊಡೆಯುತ್ತಾನೆ ಎಲ್ಲ ಕೇಳಿ ತಿಳಿದುಕೊಳ್ಳುತ್ತಿದ್ದಳು. "ನಿಮ್ಮ ತಂಗಿ ಬಲು ಚೂಟಿ" ಎಂದು ಹಳೆಯ ಗಿರಾಕಿಯೊಬ್ಬರು ಹೇಳಿದಾಗ ಹಿರಿಸೊಸೆ ನಕ್ಕಳು. ಒಳಗೆ ಹಲ್ಲು ಕಡಿಯುತ್ತಿದ್ದಳು.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಒಂದು ಮಧ್ಯಾಹ್ನ. ಬೀದಿಯಲ್ಲಿ ಯಾರೋ ಕಸಕ್ಕೆ ಬೆಂಕಿ ಹಾಕಿದ್ದರು. ಹೊಗೆಗೆ ಬುಗುರಿಯ ಉಸಿರು ಕಟ್ಟಿತು. ಅತ್ತೆ ಒಳಗಿಂದ ಓಡಿಬಂದು, ಅವಳನ್ನು ತಮ್ಮ ಮೈಗೆ ಆನಿಸಿಕೊಂಡು, ಬೆನ್ನು ಸವರತೊಡಗಿದರು. ಒಂದೂ ಮಾತಾಡದೆ. ಹಿರಿಸೊಸೆಯ ಗಂಡ ಬಿಸಿನೀರು ಹಿಡಿದು "ಪಾಪ, ಪಾಪ" ಎನ್ನುತ್ತ ನಿಂತಿದ್ದ. ಮೈದುನ ಬಾಗಿಲು ಹಾಕಿದ. ಅದೇ ಹೊಗೆ ಕುಡಿದೂ ಏನೂ ಆಗದೆ ಸ್ಟೂಲಿನ ಮೇಲೆ ಕೂತಿದ್ದ ಹಿರಿಸೊಸೆಯನ್ನು ಯಾರೂ ನೋಡಲಿಲ್ಲ. ಅವಳು ಆ ಕೈಯನ್ನೇ ನೋಡುತ್ತಿದ್ದಳು.

ಅವತ್ತಿನಿಂದ ಅವಳು ದಿನದ ಪಂಪನ್ನು ಮುಟ್ಟಲಿಲ್ಲ. ಡಾಕ್ಟ್ರಮ್ಮ ಹೇಳಿದ ಅರ್ಧವನ್ನೂ ಬಿಟ್ಟಳು.

ಅಷ್ಟರಲ್ಲಿ ಬುಗುರಿಯ ಪರೀಕ್ಷೆಗಳು ಒಂದಾದ ಮೇಲೊಂದು ನಡೆದವು. ಹತ್ತಿಯಿಂದ ದೂರವಿದ್ದಾಗ ಮೂರನೇ ಶೀಷೆಯವರೆಗೂ ತಡೆದಳು. ಮತ್ತೆ ಹತ್ತಿ ಕೋಣೆಗೆ ಹೋಗಿ ಬಂದಾಗ ಮೊದಲನೆಯದಕ್ಕೇ ಇಳಿದಳು. ಅವಳನ್ನು ಮತ್ತೆ ಕೌಂಟರಿಗೆ ಕರೆತಂದರು. ಕಳ್ಳ ಸಿಕ್ಕಿದ ಹಾಗೇ ಇತ್ತು. "ಕೊನೆ ಮಾತು ಮುಂದಿನ ಸಲ ಹೇಳ್ತೀನಿ, ಇಬ್ಬರೂ ಒಟ್ಟಿಗೆ ಬನ್ನಿ" ಎಂದರು ಡಾಕ್ಟ್ರಮ್ಮ. ಕೊನೆ ಮಾತು ಏನೆಂದು ಮನೆಯವರಿಗೆಲ್ಲ ಆಗಲೇ ಗೊತ್ತಿತ್ತು. ತಿರುಗುವ ಕುರ್ಚಿ ಇನ್ನು ಬುಗುರಿಯದೇ.

ಪಂಪು ಬಿಟ್ಟ ಕೆಲವು ವಾರಕ್ಕೆ ಹಿರಿಸೊಸೆಯ ಎದೆಯಲ್ಲಿ ಸಿಳ್ಳೆ ಮರಳಿತು. ಬೆಳಗಿನ ಜಾವ ಎಚ್ಚರವಾಗಿ, ಅದನ್ನು ಕೇಳುತ್ತ, ತವರಿನವರು ಬಂದಷ್ಟು ಸಂತೋಷಪಟ್ಟಳು. ಇದು ಹುಚ್ಚು ಎಂದು ಗೊತ್ತಿತ್ತು. ಗೊತ್ತಿದ್ದೂ ಮಾಡುವುದಕ್ಕೇ ಹೊಟ್ಟೆಕಿಚ್ಚು ಎನ್ನುವುದು.

ಪರೀಕ್ಷೆಯ ದಿನ ಮೊದಲ ಸಲ ಊದಿದಾಗಲೇ ಮೇಷ್ಟ್ರು ಪರದೆ ನೋಡಿ ಮುಖ ಸೊಟ್ಟ ಮಾಡಿದ. "ಹೋದ ಸಲದಷ್ಟಿಲ್ಲ. ಆದ್ರೂ ಪರೀಕ್ಷೆಗೆ ಅಡ್ಡಿಯಿಲ್ಲ." ಮೊದಲ ಶೀಷೆಗೆ ಎದೆ ಕೊಂಚ ಬಿಗಿಯಿತು. ಎರಡನೆಯದಕ್ಕೆ ಬಾಗಿಲು ದಢಾರನೆ ಹಾಕಿಕೊಂಡ ಹಾಗಾಯಿತು. ಒಳಗೆ ಹೋದ ಗಾಳಿ ಒಳಗೇ, ಹೊರಗಿನದು ಹೊರಗೇ. ಎಷ್ಟೋ ವರ್ಷದಿಂದ ಅವಳು ಮರೆತಿದ್ದದ್ದು ಇದು. ನೆನಪಿನಲ್ಲಿ ಉಳಿದದ್ದು ಬೆನ್ನು ಸವರುವ ಕೈ ಮಾತ್ರ. ಈ ಕತ್ತು ಹಿಸುಕುವ ಕೈ ಮರೆತೇ ಹೋಗಿತ್ತು. ಮೇಷ್ಟ್ರು ಅರಚುವುದನ್ನು ನಿಲ್ಲಿಸಿ, ತಣ್ಣನೆ ದನಿಯಲ್ಲಿ "ಹೆದರಬೇಡಿ, ಇದನ್ನ ಎಳ್ಕೊಳ್ಳಿ" ಎಂದು ಮುಖಕ್ಕೆ ಔಷಧಿಯ ಮುಸುಕು ಹಿಡಿದ. ಪಕ್ಕದ ಸ್ಟೂಲಿನಿಂದ ಎದ್ದುಬಂದ ಬುಗುರಿ ಅವಳ ಕೈ ಹಿಡಿದುಕೊಂಡಳು. ಹಿರಿಸೊಸೆ ಆ ಕೈಯನ್ನು ಉಗುರು ಊರುವಷ್ಟು ಹಿಸುಕಿದಳು. ನಿಧಾನಕ್ಕೆ ಗಾಳಿ ಬಿಟ್ಟಿತು.

ಡಾಕ್ಟ್ರಮ್ಮ ಬಂದು ಕೂತರು. "ಪಂಪು ತಗೋತಾ ಇದೀರಾ?"

"ತಗೋತಾ ಇದೀನಿ."

"ದಿನಾ?"

"ದಿನಾ."

ಡಾಕ್ಟ್ರಮ್ಮ ಹಣೆ ಉಜ್ಜಿಕೊಂಡರು. ಆಮೇಲೆ ಹೇಳಿದ್ದನ್ನು ಹಿರಿಸೊಸೆ ಕನಸಿನಲ್ಲೂ ಎಣಿಸಿರಲಿಲ್ಲ. "ಪಂಪು ಅರ್ಧ ಮಾಡಿದ್ದಕ್ಕೇ ಇಷ್ಟು ಬೇಗ ಇಷ್ಟು ಕೆಡೋದು ವಿಚಿತ್ರ. ನೀವು ಹತ್ತಿ ಕೋಣೆಗೆ ಹೋಗೋರೇ ಅಲ್ಲ. ಹಾಗಾದ್ರೆ ಇಬ್ಬರಿಗೂ ಹತ್ತೋವಂಥದ್ದು ಆ ಕಟ್ಟಡದಲ್ಲೇ ಬೇರೆ ಏನೋ ಇರಬಹುದು. ಗೋಡೆ ಪಸೆ, ಬಣ್ಣ, ಏನೋ." ಬುಗುರಿಯ ಕಡೆ ತಿರುಗಿದರು. "ನಿಮ್ಮದು ಹತ್ತಿಯಿಂದಲೇ ಅಂತ ನಾನು ಬರೆದುಕೊಡೋಳಿದ್ದೆ. ಈಗ ಇನ್ನೊಂದ್ಸಲ ಖಾತ್ರಿ ಮಾಡ್ಕೋಬೇಕು. ಎರಡು ವಾರ ಹತ್ತಿ ಕೋಣೇಲೇ ಕೆಲಸ ಮಾಡಿ ಬನ್ನಿ. ಉಸಿರು ಕಟ್ಟಿದಾಗ ಎಳ್ಕೊಳ್ಳೋ ಅವಸರದ ಪಂಪು ಜೊತೇಲೇ ಇರಲಿ. ಜಾಸ್ತಿ ಆದ್ರೆ ತಕ್ಷಣ ಬಿಟ್ಟು ಬನ್ನಿ."

"ಆಗಲಿ ಡಾಕ್ಟ್ರೇ" ಎಂದಳು ಬುಗುರಿ. ಅವಳ ಮುಖ ಬಿಳುಚಿತ್ತು.

ಹಿರಿಸೊಸೆ ಬಾಯಿ ತೆರೆಯಲಿಲ್ಲ. ಕೇಳದೆಯೇ ವರ ಸಿಕ್ಕಿತ್ತು. ತಾನು ಕುರ್ಚಿಗೆ, ಅವಳು ಹತ್ತಿಗೆ, ಎಲ್ಲ ಮೊದಲಿನ ಹಾಗೆ. ಮನೆಗೆ ಬರುವ ದಾರಿಯಲ್ಲಿ ಬುಗುರಿ ಬಸ್ಸಿನ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಅವಳ ಮುಂಗೈ ಮೇಲೆ ಹಿರಿಸೊಸೆಯ ಉಗುರಿನ ಗುರುತು ಕೆಂಪಗೆ ಕಾಣುತ್ತಿತ್ತು.

ಮರುದಿನ ತಿರುಗುವ ಕುರ್ಚಿಯಲ್ಲಿ ಕೂತು ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಂಡಾಗ ಹಿರಿಸೊಸೆಗೆ ಹಬ್ಬವಾಗಬೇಕಿತ್ತು. ರಾತ್ರಿ ಅತ್ತೆ ಬಂದು ಬೆನ್ನನ್ನೂ ಸವರಿದ್ದರು, "ನಿನಗೂ ಹೀಗೆ ಹಿಂತಿರುಗಿತಲ್ಲೇ" ಎಂದು ಕಣ್ಣಲ್ಲಿ ನೀರು ತಂದುಕೊಂಡಿದ್ದರು. ಬೇಕಾದದ್ದೆಲ್ಲ ಸಿಕ್ಕಿತ್ತು. ಅವಳು ಮುಂಜಾನೆ ಕದ್ದು ದಿನದ ಪಂಪನ್ನೂ ಎಳೆದುಕೊಂಡಿದ್ದಳು. ಪರೀಕ್ಷೆಯ ಕೋಣೆಯ ಆ ಹೆದರಿಕೆ ಇನ್ನೊಂದು ಸಲ ಬೇಡವಾಗಿತ್ತು.

ಆದರೆ ಕೌಂಟರಿನ ಹಿಂದಿನ ಗೋಡೆ ತೆಳು. ಯಂತ್ರದ ಸದ್ದಿನ ನಡುವೆಯೂ ಕೆಮ್ಮು ಕೇಳಿಸುತ್ತಿತ್ತು. ಮೊದಲ ದಿನ ಅಲ್ಲೊಂದು ಇಲ್ಲೊಂದು. ಎರಡನೆಯ ದಿನ ಗಿರಾಕಿಗಳೂ ತಿರುಗಿ ನೋಡಿದರು. "ಒಳಗೆ ಯಾರಮ್ಮ ಅಷ್ಟು ಕೆಮ್ಮೋರು?" ಎಂದು ಒಬ್ಬಾಕೆ ಕೇಳಿದರೆ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಹಾಗೆ, ಹಿರಿಸೊಸೆ "ನಾನೇನು ಮಾಡಲಿ? ಡಾಕ್ಟ್ರೇ ಹೇಳಿದ್ದು!" ಎಂದುಬಿಟ್ಟಳು. ಆಕೆ ಕಕ್ಕಾಬಿಕ್ಕಿಯಾಗಿ ದಿಂಬಿನ ಚೀಲ ಎತ್ತಿಕೊಂಡು ಹೊರಟಳು.

ಮೂರನೆಯ ದಿನ ಕೆಮ್ಮು ನಿಂತಿತು. ಅದು ನಿಂತದ್ದೇ ಹಿರಿಸೊಸೆಯನ್ನು ಕುರ್ಚಿಯಿಂದ ಎಬ್ಬಿಸಿತು. ಕೆಮ್ಮಲಿಕ್ಕೂ ಗಾಳಿ ಬೇಕು. ಅದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಅವಳು ಮೂಗಿಗೆ ಬಟ್ಟೆ ಒತ್ತಿಕೊಂಡು ಹತ್ತಿ ಕೋಣೆಗೆ ನುಗ್ಗಿದಳು. ಬುಗುರಿ ಮೂಟೆಗೆ ಒರಗಿ, ಎರಡೂ ಕೈ ಮಂಡಿಯ ಮೇಲೂರಿ, ಭುಜ ಕಿವಿಯವರೆಗೆ ಎತ್ತಿಕೊಂಡು ಕೂತಿದ್ದಳು. ಕೂದಲ ತುಂಬ ಹತ್ತಿ. ಅವಸರದ ಪಂಪು ಕೈಯಲ್ಲೇ ಇತ್ತು, ಎಳೆದುಕೊಳ್ಳುವ ಶಕ್ತಿಯಿರಲಿಲ್ಲ. ಮೈದುನ ಯಂತ್ರದ ಆ ಕಡೆ, ಬೆನ್ನು ಹಾಕಿ, ಏನೂ ತಿಳಿಯದೆ ಹೊಲಿಯುತ್ತಿದ್ದ. ಹಿರಿಸೊಸೆ ಯಂತ್ರದ ಸ್ವಿಚ್ಚು ಆರಿಸಿ, ಬುಗುರಿಯನ್ನು ಕಂಕುಳಿಗೆ ಕೈಹಾಕಿ ಎಳೆದುಕೊಂಡು, ಹೊರಗಿನ ಅಂಗಳಕ್ಕೆ ತಂದು ಕೂರಿಸಿದಳು. ಪಂಪು ಬಾಯಿಗಿಟ್ಟಳು. "ನಿಧಾನ. ಮೊದಲು ಹೊರಗೆ ಬಿಡು. ಈಗ ಎಳಿ. ಹಿಡ್ಕೋ. ಹಿಡ್ಕೋ. ಬಿಡು. ಇನ್ನೊಂದು." ಅತ್ತೆ, ಗಂಡ, ಮೈದುನ ಎಲ್ಲ ಸುತ್ತ ನೆರೆದರು.

ಬುಗುರಿಯ ತುಟಿಗೆ ಬಣ್ಣ ಬಂದ ಮೇಲೆ ಹಿರಿಸೊಸೆ ಎದ್ದು ನಿಂತಳು. ಅವಳಿಗೇ ಏದುಸಿರು.

"ಇವಳು ಇನ್ನು ಆ ಕೋಣೆಗೆ ಹೋಗೋದು ಬೇಡ. ಇವಳದ್ದು ಹತ್ತಿಯಿಂದಲೇ. ನಾನು ಡಾಕ್ಟ್ರಮ್ಮಂಗೆ ಸುಳ್ಳು ಹೇಳಿದೆ. ನನ್ನ ಉಸಿರು ಚೆನ್ನಾಗೇ ಇತ್ತು. ಪಂಪು ನಿಲ್ಲಿಸಿ ನಾನೇ ಕೆಡಿಸಿಕೊಂಡೆ."

"ಯಾಕೆ?" ಎಂದರು ಅತ್ತೆ. ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

ಹಿರಿಸೊಸೆಗೆ ಉಗುಳಲೂ ಆಗದು, ನುಂಗಲೂ ಆಗದು. ಕೊನೆಗೆ ಉಗುಳಿದಳು. "ಹೊಟ್ಟೆಕಿಚ್ಚಿಗೆ. ನೀವು ಇವಳ ಬೆನ್ನು ಸವರ್ತೀರಲ್ಲ, ಅದಕ್ಕೆ."

ಗಂಡ ನೆಲ ನೋಡಿದ. ಮೊದಲು ದನಿ ಹೊರಟದ್ದು ಬುಗುರಿಯಿಂದ, ಇನ್ನೂ ಒಡೆದ ದನಿ.

"ಇದಕ್ಕಾ? ಉಬ್ಬಸಕ್ಕಾ ಹೊಟ್ಟೆಕಿಚ್ಚು?" ಅವಳು ನಗಲು ಹೋದಳು, ಅಳು ಬಂತು. "ತಗೊಳ್ಳಿ ಅಕ್ಕ, ಪೂರ್ತಿ ನೀವೇ ಇಟ್ಕೊಳ್ಳಿ. ನನಗೆ ಇದರಲ್ಲಿ ಪಾಲು ಬೇಡ. ಹಾಡು ಹೇಳಿ ಎಷ್ಟು ದಿನ ಆಯ್ತು ಗೊತ್ತಾ ನಾನು?"

ಅತ್ತೆ ಆವತ್ತು ಹಿರಿಸೊಸೆಗೆ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಬುಗುರಿಯನ್ನು ಎಬ್ಬಿಸಿಕೊಂಡು, ಎರಡು ಕಿಟಕಿಯ ಕೋಣೆಗೆ ಕರೆದುಕೊಂಡು ಹೋಗಿ ಮಲಗಿಸಿದರು. ಬೈದದ್ದು ಡಾಕ್ಟ್ರಮ್ಮ, ಮಾರನೆಯ ದಿನ, ಬಾಗಿಲು ಹಾಕಿಕೊಂಡು, ಮುಖದ ನೀರಿಳಿಸುವ ಹಾಗೆ. "ನಿಮ್ಮ ಸುಳ್ಳಿಗೆ ಇನ್ನೊಬ್ಬರ ಜೀವ ಹೋಗ್ತಿತ್ತು. ನಾನೂ ನಿಮ್ಮನ್ನ ಇನ್ನೆರಡು ಪ್ರಶ್ನೆ ಕೇಳಬೇಕಿತ್ತು" ಎಂದರು. ಬುಗುರಿಯನ್ನು ಹತ್ತಿಯಿಂದ ಶಾಶ್ವತವಾಗಿ ಬಿಡಿಸಿ ಬರೆದುಕೊಟ್ಟರು.

ಆಮೇಲೆ ಮನೆಯ ಹಕ್ಕುಗಳು ಹೊಸದಾಗಿ ಹಂಚಿಕೆಯಾದವು. ಕೌಂಟರು ಬುಗುರಿಯದು. ಹತ್ತಿ ಕೋಣೆಗೆ ಗಾಳಿ ಹೊರಗೆಳೆಯುವ ದೊಡ್ಡ ಫ್ಯಾನು ಹಾಕಿಸಿ, ಹಿಂಜುವ ಕೆಲಸ ಹಿರಿಸೊಸೆಯ ಗಂಡ ವಹಿಸಿಕೊಂಡ. ಅವನು ಮಾಡುತ್ತಿದ್ದ ಅಳತೆಯ ಕೆಲಸಕ್ಕೆ ಯಾರು? "ಉಸಿರು ಚೆನ್ನಾಗಿದೆ ಅಂತಾಳಲ್ಲ, ಇವಳೇ ಓಡಾಡಲಿ" ಎಂದರು ಅತ್ತೆ, ಮುಖ ನೋಡದೆ. ಹಿರಿಸೊಸೆ ಟೇಪು ಚೀಲಕ್ಕೆ ಹಾಕಿಕೊಂಡು ಬೀದಿಗಿಳಿದಳು. ಹೋಟೆಲುಗಳು, ಹಾಸ್ಟೆಲುಗಳು, ಮಕ್ಕಳ ಆಸ್ಪತ್ರೆ. ಮೊದಮೊದಲು ಶಿಕ್ಷೆಯ ಹಾಗಿತ್ತು. ಪಂಪನ್ನು ತಪ್ಪದೆ ತೆಗೆದುಕೊಂಡಳು. ಎದೆ ಮತ್ತೆ ತಣ್ಣಗಾಯಿತು. ಮುಂದಿನ ಪರೀಕ್ಷೆಯಲ್ಲಿ ಕೊನೆಯ ಶೀಷೆಯವರೆಗೂ ಹೋದಾಗ, ಅವಳು ಯಾರಿಗೂ ಹೇಳಿಕೊಳ್ಳಲಿಲ್ಲ. ಕೇಳುವವರೂ ಇರಲಿಲ್ಲ. ಬುಗುರಿ ಕೆಲಸಕ್ಕೆ ಬೇಕಾದಷ್ಟು ಮಾತಾಡುತ್ತಿದ್ದಳು, ಅಷ್ಟೇ.

ಒಂದು ಸಂಜೆ ಹಿರಿಸೊಸೆ ಹೊಸ ಹಾಸ್ಟೆಲಿನ ಅಳತೆ ಮುಗಿಸಿ ಅಂಗಡಿಗೆ ಬಂದಳು. ಬುಗುರಿ ಯಾರೋ ಮುದುಕರಿಗೆ ದಿಂಬು ಹಿಸುಕಿ ತೋರಿಸುತ್ತ ನಗುತ್ತಿದ್ದಳು. ಅತ್ತೆ ಅವಳ ಹಿಂದೆ ಬಾಗಿಲಿಗೆ ಒರಗಿ, ತಮ್ಮ ಮಗಳನ್ನು ನೋಡುವ ಹಾಗೆ ನೋಡುತ್ತಿದ್ದರು. ಹಿರಿಸೊಸೆಯ ಹೊಟ್ಟೆಯಲ್ಲಿ ಹಳೆಯ ಕೆಂಡ ಹೊಗೆಯಾಡಿತು. ಅವಳು ಅದನ್ನು ಹಾಗೇ ಬಿಟ್ಟು ಚೀಲ ಇಳಿಸಿದಳು.

ಮುದುಕರು ಹೋದಮೇಲೆ ಬುಗುರಿ ಅಳತೆ ಬರೆದುಕೊಳ್ಳುತ್ತ ಕೇಳಿದಳು: "ಎಲ್ಲ ಕೋಣೆ ಮೇಲ್ಗಡೇನೇ ಇದೆಯಾ?"

"ಹೂಂ. ಐದನೇ ಮಹಡಿ."

"ಲಿಫ್ಟ್ ಇತ್ತಾ?"

"ಕೆಟ್ಟಿತ್ತು."

ಬುಗುರಿ ತಲೆಯೆತ್ತಿದಳು. "ಹತ್ತಿದ್ರಾ?"

"ಎರಡು ಸಲ. ಟೇಪು ಕೆಳಗೆ ಮರೆತು ಬಂದಿದ್ದೆ."

ಬುಗುರಿಯ ಕಣ್ಣು ಹಿರಿಯವಳ ಎದೆಯ ಮೇಲೆ ನಿಂತಿತು. ಸದ್ದಿಲ್ಲದೆ ಏರಿ ಇಳಿಯುತ್ತಿದ್ದ ಎದೆ. ಆ ನೋಟ ಏನೆಂದು ಯಾರೂ ಹಿರಿಸೊಸೆಗೆ ಬಿಡಿಸಿ ಹೇಳಬೇಕಿರಲಿಲ್ಲ. ಎಷ್ಟೋ ವಾರ ತಾನು ಸ್ಟೂಲಿನ ಮೇಲೆ ಕೂತು ಇವಳನ್ನು ನೋಡಿದ್ದೇ ಹಾಗೆ. ಅದರಿಂದ ಸಂತೋಷವಾಗಬಹುದಿತ್ತು. ಆಗಲಿಲ್ಲ.

"ದಿನದ ಪಂಪು ತಗೋತಾ ಇದೀಯಾ?" ಎಂದಳು.

"ತಗೋತೀನಿ. ಅದರಿಂದ ಏನೂ ಆಗ್ತಿಲ್ಲ."

"ಎಲ್ಲಿ, ನನ್ನೆದುರಿಗೆ ತಗೋ ನೋಡೋಣ."

ಬುಗುರಿ ಮುಖ ಊದಿಸಿಕೊಂಡೇ ಡ್ರಾಯರಿನಿಂದ ಪಂಪು ತೆಗೆದು, ಬಾಯಿಗಿಟ್ಟು, ಒತ್ತಿ, ಸುಯ್ಯೆಂದು ಎಳೆದು ಬಾಯಿ ತೆರೆದಳು. ಅರ್ಧ ಔಷಧಿ ಹೊಗೆಯಾಗಿ ಹೊರಗೇ ಬಂತು.

"ಹೀಗಾ ತಗೊಳ್ಳೋದು? ಗಾಳಿಗೆ ಔಷಧಿ ಕುಡಿಸ್ತಾ ಇದೀಯಲ್ಲೇ!" ಹಿರಿಸೊಸೆ ಸ್ಟೂಲನ್ನು ಕಾಲಿನಿಂದ ಎಳೆದುಕೊಂಡು ಅವಳ ಎದುರು ಕೂತಳು. "ಅಲುಗಾಡಿಸು ಮೊದಲು. ಇನ್ನೂ. ಈಗ ಉಸಿರೆಲ್ಲ ಹೊರಗೆ ಬಿಡು. ಗದ್ದ ಮೇಲೆತ್ತು. ಎಳೆಯೋಕೆ ಶುರು ಮಾಡಿದಮೇಲೆ ಒತ್ತು, ಅದಕ್ಕೆ ಮುಂಚೆ ಅಲ್ಲ."

ಬಾಗಿಲಿನಲ್ಲಿ ಗಿರಾಕಿಯೊಬ್ಬರು ಬಂದು ನಿಂತರು. "ಒಂದು ನಿಮಿಷ ಇರಿ" ಎಂದರು ಅತ್ತೆ.